‘ಎಂದು ಪ್ರಕಟಣೆಯಲ್ಲಿ ತಿಳಿಸಿದ್ದಾರೆ’

ಜಿಲ್ಲಾ ಪುಟದ ಸುದ್ದಿಗಳನ್ನು ಕೊನೆಯ ಸಾಲಿನಿಂದ ಓದುವ ಚಟ ನನಗಿದೆ. ಬಳ್ಳಾರಿಯಲ್ಲಿ ವರದಿಗಾರನಾಗಿದ್ದಾಗ ಅಂಟಿಕೊಂಡದ್ದು. ಸುದ್ದಿ ‘ಎಂದು ಪ್ರಕಟಣೆಯಲ್ಲಿ ತಿಳಿಸಿದ್ದಾರೆ’ ಎಂದು ಮುಗಿದರೆ, ವರದಿಗಾರ ಎಲ್ಲಿಗೂ ಹೋಗಿಲ್ಲ, ಸುದ್ದಿಯೇ ಕಚೇರಿಗೆ ನಡೆದು ಬಂದಿದೆ ಎಂದರ್ಥ. ನೀರಸ ಸಾಲು, ನಿಜ. ಆದರೆ ಇದು ನಮ್ಮ ಮಾತಲ್ಲ, ಅವರದು ಎಂದು ಓದುಗನಿಗೆ ಹೇಳುತ್ತಿದ್ದುದು ಅದೊಂದೇ. ಆ ಬಾಲ ಈಗ ಉದುರುತ್ತಿದೆ.

ಸುದ್ದಿಗೂ ಪ್ರಚಾರಕ್ಕೂ ನಡುವಿನ ಗೋಡೆ ಹಿಂದೆ ಗಟ್ಟಿಯಾಗಿತ್ತು ಎನ್ನುವವರಿಗೆ ಬಳ್ಳಾರಿಯಲ್ಲೇ ಉತ್ತರವಿದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಹೊರತಂದವರು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್. ಕಲ್ಲಚ್ಚಿನಲ್ಲಿ ಬರುತ್ತಿದ್ದ ಆ ಪತ್ರಿಕೆ ಮರುವರ್ಷವೇ ಬಳ್ಳಾರಿಗೆ ಬಂದು, ಅಚ್ಚುಮೊಳೆಯ ಮುದ್ರಣ ಕಂಡು, ‘ಕನ್ನಡ ಸಮಾಚಾರ’ವಾಯಿತು. ಊರ ಸುದ್ದಿಯ ಜೊತೆಗೆ ಮಿಷನ್ನಿನ ಮತಪ್ರಚಾರದ ಉದ್ದೇಶವೂ ಅದರಲ್ಲಿತ್ತು. ಹುಟ್ಟಿನಲ್ಲೇ ಗೋಡೆಗೆ ಕಿಟಕಿಯಿತ್ತು.

ಪ್ರಕಟಣೆ ಎಂಬ ಕಾಗದ ಇಂದಿನ ರೂಪಕ್ಕೆ ಬಂದದ್ದು ಅಮೆರಿಕದಲ್ಲಿ. 1906ರ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ಸಿಟಿ ಬಳಿ ರೈಲೊಂದು ಸೇತುವೆಯಿಂದ ನೀರಿಗೆ ಬಿದ್ದು ಐವತ್ತಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಕಂಪನಿಯ ಪ್ರಚಾರ ನೋಡಿಕೊಳ್ಳುತ್ತಿದ್ದ ಐವಿ ಲೀ ಹಿಂದೆ ಪತ್ರಕರ್ತರಾಗಿದ್ದವರು. ಗಾಳಿಮಾತು ಹಬ್ಬುವ ಮೊದಲೇ ಕಂಪನಿಯ ಹೇಳಿಕೆಯನ್ನು ಬರೆದು ಪತ್ರಿಕೆಗಳಿಗೆ ಕೊಟ್ಟರು. ನ್ಯೂಯಾರ್ಕ್ ಟೈಮ್ಸ್ ಅದನ್ನು ಇದ್ದಂತೆಯೇ ಅಚ್ಚು ಹಾಕಿತು. ಬಂದದ್ದನ್ನು ಬಂದಂತೆ ಹಾಕುವ ರೋಗ ಮೊಬೈಲ್‌ನಿಂದ ಬಂದದ್ದಲ್ಲ.

ನಮ್ಮಲ್ಲಿ ಅದಕ್ಕೆ ತಡೆಯಾಗಿದ್ದುದು ಜಾಗದ ಅಭಾವ. ಫ್ಯಾಕ್ಸ್ ಬರುವ ಮೊದಲು ಸುದ್ದಿಯ ಕವರನ್ನು ಸಂಜೆಯ ಹುಬ್ಬಳ್ಳಿ ಬಸ್ಸಿನ ಚಾಲಕನ ಕೈಗೆ ಕೊಡಬೇಕಿತ್ತು. ವಾರ್ತಾ ಇಲಾಖೆಯ ಪ್ರಕಟಣೆ, ಕಾರ್ಖಾನೆಯ ಪ್ರಕಟಣೆ, ಸಂಘಗಳ ಮನವಿ ಎಲ್ಲವೂ ಅದೇ ಕವರಿನಲ್ಲಿ. ಅಲ್ಲಿ ಉಪಸಂಪಾದಕ ಕೆಂಪು ಪೆನ್ನು ಹಿಡಿದರೆ ಮೊದಲು ಸಾಯುತ್ತಿದ್ದುದು ‘ಸನ್ಮಾನ್ಯ’, ಆಮೇಲೆ ‘ಜನಪ್ರಿಯ’, ಆಮೇಲೆ ವೇದಿಕೆಯ ಮೇಲಿದ್ದವರ ಹೆಸರುಗಳು. ಮೂರು ಹಾಳೆ ನಾಲ್ಕು ಸಾಲಾಗುತ್ತಿತ್ತು. ಮರುದಿನ ಬೈಗುಳ ತಿನ್ನುತ್ತಿದ್ದವರು ಮಾತ್ರ ನಾವು.

ಕಂಪ್ಯೂಟರ್ ಬಂದ ಮೇಲೆ ಪ್ರಕಟಣೆ ‘ನುಡಿ’ ತಂತ್ರಾಂಶದ ಲಿಪಿಯಲ್ಲಿ, ಮತ್ತೆ ಯೂನಿಕೋಡ್‌ನಲ್ಲಿ, ಕೊನೆಗೆ ವಾಟ್ಸ್‌ಆ್ಯಪ್ ಗುಂಪಿಗೆ ಬರತೊಡಗಿತು. ಒಮ್ಮೆ ನೀರಾವರಿ ಸಲಹಾ ಸಮಿತಿ ಸಭೆಯ ಪ್ರಕಟಣೆಯಲ್ಲಿ ‘ಮುನಿರಾಬಾದ್’ ‘ಮುರಿನಾಬಾದ್’ ಆಗಿತ್ತು. ಮರುದಿನ ಮೂರು ಪತ್ರಿಕೆಗಳಲ್ಲೂ ಮುರಿನಾಬಾದ್. ಒಂದು ನಮ್ಮದು.

ಇದನ್ನು ಸೋಮಾರಿತನ ಎಂದು ತಳ್ಳಿಹಾಕುವುದು ಸುಲಭ. ಲೆಕ್ಕ ಬೇರೆ ಇದೆ. ಓದುಗ ಕೊಡುವ ಕಾಸಿನಲ್ಲಿ ಪತ್ರಿಕೆಯ ಖರ್ಚು ಎಂದೂ ಗಿಟ್ಟಿದ್ದಿಲ್ಲ, ತೂಗಿಸುತ್ತಿದ್ದುದು ಜಾಹೀರಾತು. 2016ರಲ್ಲಿ ಜಿಯೊ ಬಂದು ಇಂಟರ್ನೆಟ್ ಅಗ್ಗವಾದ ಮೇಲೆ ಓದುಗನ ಹಿಂದೆಯೇ ಜಾಹೀರಾತೂ ಮೊಬೈಲ್‌ಗೆ ಹೋಯಿತು. 2019ರ ಬಜೆಟ್ ಆಮದು ಮುದ್ರಣ ಕಾಗದದ ಮೇಲೆ ಶೇ 10ರಷ್ಟು ಸುಂಕ ಹಾಕಿತು. ಮರುವರ್ಷ ಅದು ಶೇ 5ಕ್ಕೆ ಇಳಿಯಿತು. ಅಷ್ಟರಲ್ಲಿ ಕೋವಿಡ್. ಪೇಪರ್ ಮುಟ್ಟಿದರೆ ಸೋಂಕು ಎಂಬ ಭಯಕ್ಕೆ ಆಗ ಪತ್ರಿಕೆ ನಿಲ್ಲಿಸಿದ ಮನೆಗಳಲ್ಲಿ ಎಷ್ಟೋ ಮನೆಗಳಿಗೆ ಅದು ಮತ್ತೆ ಬರಲಿಲ್ಲ. ಉಳಿದ ವರದಿಗಾರನ ಹೆಗಲಿಗೆ ಜಾಹೀರಾತಿನ ಟಾರ್ಗೆಟ್ ಬಿತ್ತು. ಬೆಳಿಗ್ಗೆ ಪ್ರಶ್ನೆ ಕೇಳಿದವರ ಬಳಿಯೇ ಸಂಜೆ ಹುಟ್ಟುಹಬ್ಬದ ಶುಭಾಶಯದ ಜಾಹೀರಾತು ಕೇಳಬೇಕು. ಹಾಗಾದಾಗ ಬೆಳಗಿನ ಪ್ರಶ್ನೆ ಎಷ್ಟು ಚೂಪಾಗಿದ್ದೀತು?

ಗಣಿಯ ಏರುಗಾಲವನ್ನು ಕಂಡ ಬಳ್ಳಾರಿಗೆ ಈ ಪಾಠ ಹೊಸದಲ್ಲ. ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕುವ ತನಕ ಇಲ್ಲಿ ಶುಭಾಶಯದ ಪುಟಗಳಿಗೆ ಬರವಿರಲಿಲ್ಲ.

ಇತ್ತ ಪ್ರಚಾರದ ಕೆಲಸ ಬೆಳೆಯಿತು. ನನ್ನ ಜೊತೆಗಿದ್ದ ಕೆಲವರು ಈಗ ನಾಯಕರ ಫೇಸ್‌ಬುಕ್ ಪುಟಗಳಿಗೆ ಬರೆಯುತ್ತಾರೆ. ಚೆನ್ನಾಗಿಯೇ ಬರೆಯುತ್ತಾರೆ, ಸುದ್ದಿಯ ಮೊದಲ ಸಾಲು ಹೇಗಿರಬೇಕೆಂದು ಅವರಿಗೆ ಗೊತ್ತು. ಅವರು ಬಿಟ್ಟದ್ದು ಕೊನೆಯ ಸಾಲನ್ನು ಮಾತ್ರ. ಅಲ್ಲಿ ಉಪಸಂಪಾದಕನೂ ಇಲ್ಲ, ‘ಸನ್ಮಾನ್ಯ’ ಮತ್ತೆ ಎದ್ದು ಕುಳಿತಿದ್ದಾನೆ.

2024ರ ಆಗಸ್ಟ್ 10, ಶನಿವಾರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಬೆಳಗಾಗುವಷ್ಟರಲ್ಲಿ ನನ್ನ ಮೊಬೈಲ್‌ನಲ್ಲಿ ನೀರು ನುಗ್ಗುವ ವಿಡಿಯೊಗಳು, ಅಣೆಕಟ್ಟೆಯೇ ಒಡೆದಿದೆ ಎಂಬ ಸುಳ್ಳು, ನದಿ ದಂಡೆಯ ಜನ ಎಚ್ಚರದಿಂದಿರಬೇಕೆಂಬ ಅಧಿಕೃತ ಸೂಚನೆ, ಎಲ್ಲವೂ ಒಂದರ ಮೇಲೊಂದು ಬಿದ್ದಿದ್ದವು. ಯಾವುದು ಯಾರ ಮಾತು ಎಂದು ತಿಳಿಯುವಂತಿರಲಿಲ್ಲ. ಸೋಮವಾರ ಗಂಗಾವತಿಯಿಂದ ನಮ್ಮ ಮಾವನವರ ಫೋನು. ‘ಪೇಪರಿನಲ್ಲಿ ಏನು ಬಂದಿದೆ, ಓದಿ ಹೇಳಪ್ಪ.’

ಜಿಲ್ಲಾ ಪುಟ ತೆರೆದು ಓದಿದೆ. ಭಾನುವಾರವೇ ಮೊಬೈಲ್‌ಗೆ ಬಂದಿದ್ದ ಸೂಚನೆ, ಅಕ್ಷರ ಅಕ್ಷರವೂ ಅದೇ. ಹೆಚ್ಚಿಗೆ ಇದ್ದದ್ದು ಕೊನೆಯ ಒಂದು ಸಾಲು: ಎಂದು ಪ್ರಕಟಣೆಯಲ್ಲಿ ತಿಳಿಸಿದ್ದಾರೆ. ಮಾವನವರು ಅದನ್ನೂ ಕೇಳಿಸಿಕೊಂಡು, ‘ಹಾಗಾದರೆ ಸರಿ’ ಎಂದು ಫೋನಿಟ್ಟರು.