ಕೋಲಿಯರ್ ಅಂದರೆ ಯಾವ ಹಡಗು?

ಕೋಲಿಯರ್ ಅಂದರೆ ಕಲ್ಲಿದ್ದಲು ಹೊರುವ ಹಡಗು. ಇಂಗ್ಲಿಷಿನಲ್ಲಿ ಮೊದಲು ಇದ್ದಿಲು ಸುಡುವವನಿಗೆ, ಆಮೇಲೆ ಗಣಿಯಲ್ಲಿ ಕಲ್ಲಿದ್ದಲು ಅಗೆಯುವವನಿಗೆ ಈ ಹೆಸರಿತ್ತು. ಅದೇ ಹೆಸರು ಹಡಗಿಗೂ ಬಂತು. ಕ್ಯಾಪ್ಟನ್ ಕುಕ್ ಸಾಗಿದ ಎಂಡೆವರ್ ಕೂಡ ಮೂಲತಃ ಕೋಲಿಯರ್ರೇ.

ಲಂಡನ್ನಿನ ಒಲೆಗಳಿಗೆ ಬೇಕಾದ ಕಲ್ಲಿದ್ದಲು ಉತ್ತರದ ಟೈನ್ ನದಿಯಿಂದ ಹಡಗಿನಲ್ಲಿ ಬರುತ್ತಿತ್ತು. ಅದಕ್ಕೇ ಅಲ್ಲಿನವರು ಅದನ್ನು 'ಸೀ ಕೋಲ್', ಅಂದರೆ ಕಡಲ ಕಲ್ಲಿದ್ದಲು, ಅನ್ನುತ್ತಿದ್ದರು. ಹಾಯಿ ಹಡಗಿಗೆ ಗಾಳಿ ಕೈಕೊಟ್ಟರೆ ಕಾಯುವುದೇ ಗತಿ. ಅಷ್ಟರಲ್ಲಿ ರೈಲು ಬಂತು, ಬೇರೆ ಗಣಿಗಳ ಕಲ್ಲಿದ್ದಲನ್ನು ನೇರವಾಗಿ ಲಂಡನ್ನಿಗೆ ತಂದು ಸುರಿಯತೊಡಗಿತು. ಟೈನ್ ಕಡೆಯವರಿಗೆ ದಿಗಿಲಾಗದೆ ಇರುತ್ತಾ?

1852ರಲ್ಲಿ ಟೈನ್ ದಡದ ಜಾರೋ ಊರಿನಲ್ಲಿ ಚಾರ್ಲ್ಸ್ ಪಾಮರ್ ಎಂಬುವವರು ಕಬ್ಬಿಣದ ಉಗಿಹಡಗೊಂದನ್ನು ನೀರಿಗಿಳಿಸಿದರು. ಹೆಸರು ಜಾನ್ ಬೋವ್ಸ್. ಮೊದಲ ಸಲ 650 ಟನ್ ಕಲ್ಲಿದ್ದಲು ತುಂಬಲು ಹಿಡಿದದ್ದು ಬರೀ 4 ಗಂಟೆ. 48 ಗಂಟೆಯಲ್ಲಿ ಲಂಡನ್, 24 ಗಂಟೆಯಲ್ಲಿ ಇಳಿಸಿದ್ದಾಯ್ತು, ಇನ್ನೊಂದು 48 ಗಂಟೆಯಲ್ಲಿ ವಾಪಸ್ ಟೈನ್. ಐದು ದಿನದ ಈ ಕೆಲಸಕ್ಕೆ ಎರಡು ಹಾಯಿ ಹಡಗುಗಳಿಗೆ ತಿಂಗಳ ಮೇಲೆ ಬೇಕಿತ್ತು ಅಂತ ಪಾಮರ್ ಲೆಕ್ಕ ಕೊಟ್ಟರು.

ನನಗೆ ತುಂಬಾ ಇಷ್ಟವಾಗುವುದು ಖಾಲಿ ಬರುವ ದಾರಿಯ ವಿಚಾರ. ಲಂಡನ್ನಿನಿಂದ ತರಲು ಅಷ್ಟು ಸರಕು ಇಲ್ಲ. ಖಾಲಿ ಹಡಗು ಅಲೆಗೆ ಹೊಯ್ದಾಡುತ್ತದೆ. ಹಾಗಾಗಿ ತೂಕಕ್ಕೆಂದು ಮರಳು, ಜಲ್ಲಿ ಹೇರಬೇಕು. ಇದೇ ಬ್ಯಾಲಾಸ್ಟ್. ಕಾಸು ಕೊಟ್ಟು ತುಂಬಿಸಬೇಕು, ಮತ್ತೆ ಸಲಿಕೆ ಹಿಡಿದು ಖಾಲಿ ಮಾಡಬೇಕು. ಹೀಗೆ ಸುರಿದೂ ಸುರಿದೂ ಟೈನ್ ದಡದಲ್ಲಿ ದಿಬ್ಬಗಳೇ ಎದ್ದವು! ಉಗಿ ಕೋಲಿಯರ್‌ಗಳಲ್ಲಿ ಮರಳಿನ ಬದಲು ನೀರು ಬಂತು. ತೊಟ್ಟಿಗೆ ನೀರು ಬಿಟ್ಟುಕೊಂಡರೆ ತೂಕ, ಪಂಪ್ ಮಾಡಿದರೆ ಹಗುರ. ಸಲಿಕೆಯ ಕೆಲಸವೇ ಇಲ್ಲ. ಇಂದಿನ ಹಡಗುಗಳಲ್ಲೂ ಬ್ಯಾಲಾಸ್ಟ್ ಅಂದರೆ ನೀರೇ.

ಜಾನ್ ಬೋವ್ಸ್ ಮುಂದೆ ಹಲವು ಕೈ ಬದಲಾಯಿಸಿತು, ಹೆಸರೂ ಬದಲಾಯಿತು. ಉಪ್ಪುನೀರಿನಲ್ಲಿ ಕಬ್ಬಿಣದ ಮೈ 81 ವರ್ಷ ತಾಳಿತು ಅಲ್ವಾ, ಅದು ದೊಡ್ಡದು. 1933ರಲ್ಲಿ ಸ್ಪೇನಿನ ಉತ್ತರ ಕರಾವಳಿಯ ಬಳಿ ಅದು ಮುಳುಗಿತು. ಆಗ ಅದರ ಹೆಸರು ವಿಲ್ಲಾ ಸೆಲ್ಗಾಸ್. ಹೊತ್ತಿದ್ದದ್ದು ಕಲ್ಲಿದ್ದಲಲ್ಲ, ಅದಿರು.