ಜ್ವರವಿಲ್ಲದ ಸನ್ನಿ

ನಿನ್ನೆಯವರೆಗೂ ಚೆನ್ನಾಗಿದ್ದ ಹಿರಿಯರು ಇಂದು ಬೆಳಿಗ್ಗೆ ಮಗನ ಹೆಸರನ್ನು ತಪ್ಪಿ ಹೇಳುತ್ತಾ, ತಾವಿರುವ ಮನೆ ಯಾರದೆಂದು ಕೇಳತೊಡಗಿದರೆ, ಮನೆಯವರು ಅದನ್ನು ಅರಳುಮರುಳೆಂದೇ ತಿಳಿಯುತ್ತಾರೆ. ನಾನು ನೋಡಿದ ಇಂತಹ ಅನೇಕರಿಗೆ ಇದ್ದದ್ದು ಮೂತ್ರನಾಳದ ಅಥವಾ ಶ್ವಾಸಕೋಶದ ಸೋಂಕು. ಇಳಿವಯಸ್ಸಿನಲ್ಲಿ ಸೋಂಕಿದ್ದರೂ ಜ್ವರ ಏರದಿರಬಹುದಾದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಹಿಂದಿನವರು ‘ಸನ್ನಿ’ ಎನ್ನುತ್ತಿದ್ದ ಈ ಸ್ಥಿತಿಯನ್ನು ವೈದ್ಯರು ಡೆಲಿರಿಯಂ ಎನ್ನುತ್ತಾರೆ.

ಸೋಂಕು ಮೂತ್ರಕೋಶದಲ್ಲಿದ್ದರೆ ನೆನಪು ಕದಡುವುದೇಕೆ? ರಕ್ಷಣಾ ಕೋಶಗಳು ಸೈಟೊಕೈನ್‌ಗಳೆಂಬ ಪುಟ್ಟ ಪ್ರೋಟೀನುಗಳ ಮೂಲಕ ಸುದ್ದಿ ಮುಟ್ಟಿಸುತ್ತವೆ. ಆ ಸುದ್ದಿ ಒಳಾಂಗಗಳನ್ನು ಮಿದುಳಿಗೆ ಜೋಡಿಸುವ ವೇಗಸ್ ನರದ ಮೂಲಕ ಮಿದುಳುಕಾಂಡವನ್ನು ಸೇರುತ್ತದೆ. ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ ಸಡಿಲವಾಗಿರುವ ಕೆಲವೆಡೆ ರಕ್ತದಿಂದಲೂ ತಲುಪುತ್ತದೆ. ಆಗ ಮಿದುಳಿನದೇ ಕಾವಲು ಕೋಶಗಳಾದ ಮೈಕ್ರೊಗ್ಲಿಯಾ ಎಚ್ಚೆತ್ತು, ಅವೇ ಅಣುಗಳನ್ನು ಅಲ್ಲಿಯೂ ತಯಾರಿಸುತ್ತವೆ. ಮರೆವಿನ ಕಾಯಿಲೆ ಒಳಗೊಳಗೇ ಆರಂಭವಾಗಿರುವ ಮಿದುಳಿನಲ್ಲಿ ಈ ಕೋಶಗಳು ಮೊದಲೇ ಕೆರಳಿರುವುದರಿಂದ ಸಣ್ಣ ಸೋಂಕಿಗೂ ಅತಿಯಾಗಿ ಸ್ಪಂದಿಸುತ್ತವೆ.

ಹಾಗೆಂದು ಈ ಅಣುಗಳನ್ನು ನೆನಪಿನ ಶತ್ರುಗಳೆಂದುಕೊಳ್ಳಬಾರದು. ಹೊಸ ನೆನಪು ಮೂಡಲು ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ನರಕೋಶಗಳ ನಡುವಿನ ಸಂಪರ್ಕ ಗಟ್ಟಿಯಾಗಬೇಕು. ಆ ಹೊತ್ತಿಗೆ ಆರೋಗ್ಯವಂತ ಪ್ರಾಣಿಗಳ ಮಿದುಳಿನಲ್ಲಿಯೂ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸೈಟೊಕೈನ್ ತುಸು ಹೆಚ್ಚುತ್ತದೆ, ಮತ್ತು ಅದರ ಸಂಕೇತವನ್ನು ಸ್ವೀಕರಿಸಲಾಗದ ಇಲಿಗಳು ಕಲಿತದ್ದನ್ನು ಉಳಿಸಿಕೊಳ್ಳುವುದರಲ್ಲಿ ಹಿಂದೆ ಬೀಳುತ್ತವೆ. ಅದೇ ಅಣು ಮಿತಿ ಮೀರಿದಾಗ ಆ ಸಂಪರ್ಕವನ್ನು ಗಟ್ಟಿಯಾಗಲು ಬಿಡುವುದಿಲ್ಲ. ವೈದ್ಯನಾಗಿ ನನ್ನನ್ನು ಇಂದಿಗೂ ಬೆರಗುಗೊಳಿಸುವ ಸಂಗತಿ ಇದು.

ಸೈಟೊಕೈನ್ ಮಿತಿ ಮೀರಿದರೆ ಏನಾಗುತ್ತದೆಂಬುದಕ್ಕೆ ಮನುಷ್ಯರಲ್ಲಿ ಸ್ಪಷ್ಟ ನಿದರ್ಶನ ಸಿಕ್ಕಿದ್ದು ಹೆಪಟೈಟಿಸ್ ಸಿ ಎಂಬ ಯಕೃತ್ತಿನ ಸೋಂಕಿನ ಚಿಕಿತ್ಸೆಯಲ್ಲಿ. ಇಂಟರ್‌ಫೆರಾನ್ ಆಲ್ಫಾ ಎಂಬ ಸೈಟೊಕೈನನ್ನೇ ಚುಚ್ಚುಮದ್ದಾಗಿ ತಿಂಗಳುಗಟ್ಟಲೆ ಪಡೆಯುತ್ತಿದ್ದವರಲ್ಲಿ ಹಲವರು ಖಿನ್ನತೆ, ಏಕಾಗ್ರತೆಯ ಕೊರತೆ ಮತ್ತು ಮರೆವಿನಿಂದ ಬಳಲುತ್ತಿದ್ದರು.

ಹಾಗಾದರೆ ಸೈಟೊಕೈನ್‌ಗಳು ಕೆರಳಿಸುವ ಈ ಉರಿಯೂತವನ್ನು ತಗ್ಗಿಸುವ ಮಾತ್ರೆಯನ್ನು ದಿನವೂ ನುಂಗಿದರೆ ನೆನಪು ಉಳಿದೀತೇ ಎಂದು ಹಲವರು ಕೇಳುತ್ತಾರೆ. ನ್ಯಾಪ್ರೊಕ್ಸೆನ್‌ನಂತಹ ಔಷಧಗಳನ್ನು ಆಲ್ಜೈಮರ್ ಕಾಯಿಲೆಯ ವಿರುದ್ಧ ಪ್ರಯೋಗಿಸಿ ನೋಡಿದಾಗ ಪ್ರಯೋಜನ ಕಾಣಲಿಲ್ಲ. ಅವು ಹೊಟ್ಟೆಗೂ ಮೂತ್ರಪಿಂಡಕ್ಕೂ ಮಾಡುವ ಹಾನಿಯಂತೂ ನಿಜ. ಆದ್ದರಿಂದ ಅವನ್ನು ನೆನಪಿಗೆಂದು ನಾನು ಬರೆದುಕೊಡುವುದಿಲ್ಲ.

ಗಲಿಬಿಲಿ ಒಂದೆರಡು ದಿನಗಳಲ್ಲೇ ಶುರುವಾಗಿದ್ದರೆ, ಬೆಳಿಗ್ಗೆ ಕಡಿಮೆಯಿದ್ದು ಸಂಜೆ ಹೆಚ್ಚಾಗುತ್ತಿದ್ದರೆ, ಅಂದೇ ವೈದ್ಯರಿಗೆ ತೋರಿಸಿ. ಹಿಂದಿನ ವಾರ ಅವರು ಹೇಗಿದ್ದರೆಂದು ಬಲ್ಲವರೊಬ್ಬರು ಜೊತೆಗಿರಲಿ, ಸೇವಿಸುತ್ತಿರುವ ಮಾತ್ರೆಗಳೆಲ್ಲವನ್ನೂ ತನ್ನಿ. ಸೋಂಕು ವಾಸಿಯಾದ ಮೇಲೂ ಗಲಿಬಿಲಿ ಕೆಲವು ವಾರ ಉಳಿಯಬಹುದು. ಆ ದಿನಗಳಲ್ಲಿ ಅವರ ಕನ್ನಡಕವನ್ನೂ ಶ್ರವಣಯಂತ್ರವನ್ನೂ ಕೈಗೆಟಕುವಂತೆ ಇಡಿ.