ಎಲ್ಲಿ ನಿಲ್ಲಬೇಕು? ಬ್ಲಡ್ ಬೌಲ್ ನಿಯಮಗಳು ಬದಲಾದ ಕತೆ

ಜುಲೈ ಬಂದರೆ ನಮ್ಮ ಚಿಕ್ಕಮಗಳೂರಿನಲ್ಲಿ ಹೊರಗಿನ ಆಟಗಳೆಲ್ಲ ಬಂದ್. ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಂತೂ ಕರೆಂಟ್ ಹೋದರೆ ಮತ್ತೆ ಯಾವಾಗ ಬರುತ್ತದೋ ಗೊತ್ತಿಲ್ಲ. ಅಂಥ ಒಂದು ಮಳೆಗಾಲದಲ್ಲಿ ನಾವು ನಾಲ್ಕು ಜನ ಬ್ಲಡ್ ಬೌಲ್ ಎಂಬ ಬೋರ್ಡ್ ಗೇಮ್ ಆಡಲು ಕೂತೆವು. ಚಾರ್ಟ್ ಪೇಪರ್ ಅಂಟಿಸಿ ಉದ್ದಕ್ಕೆ 26, ಅಗಲಕ್ಕೆ 15 ಚೌಕ ಗೀಚಿದೆವು. ಗೊಂಬೆಗಳು ಇರಲಿಲ್ಲ. ಒಂದು ತಂಡಕ್ಕೆ ಅಂಗಿಯ ಬಿಳಿ ಗುಂಡಿ, ಇನ್ನೊಂದಕ್ಕೆ ಕಪ್ಪು ಗುಂಡಿ. ಚೆಂಡಿನ ಜಾಗಕ್ಕೆ ಒಣಗಿದ ಒಂದು ರೋಬಸ್ಟಾ ಕಾಫಿ ಹಣ್ಣು.

ಆಟದ ರೂಪ ಅಮೆರಿಕನ್ ಫುಟ್‌ಬಾಲ್‌ನದು. ಆಡುವವರು ಮಾತ್ರ ಕಲ್ಪನೆಯ ಲೋಕದವರು. ಓರ್ಕ್, ಎಲ್ಫ್, ಕುಳ್ಳರು, ಇಲಿಮಾನವರು, ಜೊತೆಗೆ ನಮ್ಮಂಥ ಮನುಷ್ಯರು. ಒಂದು ಕಡೆಗೆ 11 ಜನ. ಅರ್ಧಕ್ಕೆ 8 ಸರದಿಯಂತೆ ಒಟ್ಟು 16 ಸರದಿ. ಚೆಂಡನ್ನು ಎದುರಾಳಿಯ ಕೊನೆಯ ಗೆರೆಗೆ ಮುಟ್ಟಿಸಿದರೆ ಅಂಕ. ಇಷ್ಟು ಹೇಳಿ ಮುಗಿಸಿದಾಗ ಗೆಳೆಯನೊಬ್ಬ ಗುಂಡಿ ಕೈಯಲ್ಲಿ ಹಿಡಿದು ಕೇಳಿದ: "ಸರಿ, ಇವನನ್ನ ಎಲ್ಲಿ ನಿಲ್ಲಿಸಲಿ?" ಈ ಆಟಕ್ಕೆ ಸುಮಾರು 40 ವರ್ಷ ಆಗುತ್ತಾ ಬಂತು. ಇಷ್ಟು ವರ್ಷ ನಿಯಮ ಬರೆದವರೂ ತಿದ್ದಿದವರೂ ತಲೆ ಕೆಡಿಸಿಕೊಂಡಿದ್ದು ಇದೇ ಪ್ರಶ್ನೆಗೆ ಅಂತ ನನಗೆ ಅನ್ನಿಸುತ್ತದೆ.

ನಮ್ಮ ಹುಲಿ-ಕುರಿ ಆಟ ನೆನಪಿಸಿಕೊಳ್ಳಿ. 3 ಹುಲಿ, 15 ಕುರಿ. ಕುರಿಯ ಹಿಂದಿನ ಮನೆ ಖಾಲಿ ಇದ್ದರೆ ಹುಲಿ ಹಾರಿ ತಿನ್ನುತ್ತದೆ. ಹಿಂದೆ ಇನ್ನೊಂದು ಕುರಿ ನಿಂತಿದ್ದರೆ ಏನೂ ಮಾಡಲಾಗದು. ಅಲ್ಲಿ ಜಾಣ ಕುರಿ, ದಡ್ಡ ಕುರಿ ಅಂತ ಇಲ್ಲ. ನಿಂತ ಜಾಗವೇ ಎಲ್ಲ.

ಬ್ಲಡ್ ಬೌಲ್‌ನ ತಳಪಾಯವೂ ಹೀಗೇ ಇದೆ. ನಿಂತಿರುವ ಆಟಗಾರ ತನ್ನ ಸುತ್ತಲಿನ 8 ಚೌಕಗಳನ್ನು ಕಾಯುತ್ತಾನೆ. ಇದಕ್ಕೆ ಟ್ಯಾಕಲ್ ಝೋನ್ ಎನ್ನುತ್ತಾರೆ. ಅದರೊಳಗೆ ಬಂದ ಎದುರಾಳಿ ಅಲ್ಲಿಂದ ಹೊರಡಬೇಕಾದರೆ ದಾಳ ಹಾಕಲೇಬೇಕು. ತಪ್ಪಿದರೆ ನೆಲಕ್ಕೆ ಬೀಳುತ್ತಾನೆ. ಈಗ ಅಗಲದ 15 ಚೌಕ ನೋಡಿ. ಒಬ್ಬನು ತನ್ನ ಚೌಕ, ಎಡಗಡೆ ಒಂದು, ಬಲಗಡೆ ಒಂದು, ಹೀಗೆ 3 ಚೌಕ ಕಾಯುತ್ತಾನೆ. ನಡುವೆ ಎರಡೆರಡು ಚೌಕ ಬಿಟ್ಟು 5 ಜನರನ್ನು ಸಾಲಾಗಿ ನಿಲ್ಲಿಸಿದರೆ ಇಡೀ ಮೈದಾನಕ್ಕೇ ಬೇಲಿ ಬಿದ್ದಂತೆ. ದಾಳ ಹಾಕದೆ ಯಾರೂ ದಾಟುವ ಹಾಗಿಲ್ಲ. ಈ ಲೆಕ್ಕ ತಲೆಗೆ ಹತ್ತಿದ ಸಂಜೆ ನಾವು ಊಟ ಮರೆತು ಆಡಿದ್ದೆವು.

ಆಟ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1986ರಲ್ಲಿ ಗೇಮ್ಸ್ ವರ್ಕ್‌ಶಾಪ್ ಕಂಪನಿಗಾಗಿ ಜರ್ವಿಸ್ ಜಾನ್ಸನ್ ರೂಪಿಸಿದರು. ಮೊದಲ ಪೆಟ್ಟಿಗೆಯಲ್ಲಿ ಇದ್ದದ್ದು ರಟ್ಟಿನ ಆಟಗಾರರು. 1988ರ ಎರಡನೇ ಆವೃತ್ತಿಗೆ ಪ್ಲಾಸ್ಟಿಕ್ ಗೊಂಬೆಗಳೂ ಥರ್ಮಾಕೋಲ್ ಥರದ ಮೈದಾನವೂ ಬಂದವು. ದೊಡ್ಡ ಬದಲಾವಣೆ ಆಗಿದ್ದು 1994ರ ಮೂರನೇ ಆವೃತ್ತಿಯಲ್ಲಿ. ಗುದ್ದಾಟಕ್ಕೆ ಚಿತ್ರಗಳಿರುವ ಬೇರೆ ದಾಳ ಬಂತು. ಜೊತೆಗೆ ಟರ್ನೋವರ್ ನಿಯಮವೂ ಗಟ್ಟಿಯಾಗಿ ಕೂತಿತು. ನಿಮ್ಮ ಸರದಿಯಲ್ಲಿ ನಿಮ್ಮವನೇ ಬಿದ್ದರೆ ಆ ಸರದಿ ಅಲ್ಲಿಗೇ ಮುಗಿಯಿತು, ಉಳಿದವರು ನಿಂತಲ್ಲೇ ನಿಂತರು. ಹಾಗಾಗಿ ಯಾರನ್ನು ಮೊದಲು ನಡೆಸಬೇಕು ಅನ್ನುವುದೂ ಮುಖ್ಯವಾಯಿತು. ಅಪಾಯ ಇಲ್ಲದ ನಡೆ ಮೊದಲು, ದಾಳದ ನಡೆ ಕೊನೆಗೆ. ಚೆಂಡು ಹಿಡಿದವನನ್ನು ನಡುವೆ ಇಟ್ಟು ನಾಲ್ಕು ಮೂಲೆಗೆ ನಾಲ್ವರನ್ನು ನಿಲ್ಲಿಸುವುದಕ್ಕೆ ಕೇಜ್, ಅಂದರೆ ಪಂಜರ, ಅಂತ ಹೆಸರು. ದಾಳ ಕೈಕೊಟ್ಟರೂ ಚೆಂಡು ಪಂಜರದೊಳಗೇ ಇರುತ್ತದೆ ಅಲ್ವಾ, ಅದಕ್ಕೇ ಎಲ್ಲರಿಗೂ ಅದು ಇಷ್ಟ.

ಇಷ್ಟೇ ಆಗಿದ್ದರೆ ಇದು ದೊಡ್ಡ ಹುಲಿ-ಕುರಿ ಆಗಿರುತ್ತಿತ್ತು. ಬೇರೆ ಮಾಡುವುದು ಸ್ಕಿಲ್‌ಗಳು. ಕಬಡ್ಡಿ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾರ್ನರ್‌ನವನು ಕಾಲು ಹಿಡಿಯುವುದರಲ್ಲಿ ಪಳಗಿರುತ್ತಾನೆ. ಕವರ್‌ನವನು ನುಗ್ಗಿ ಗುದ್ದುತ್ತಾನೆ. ಜಾಗಕ್ಕೆ ತಕ್ಕ ಕಸುಬು. ಇಲ್ಲೂ ಅಷ್ಟೇ. ಗಾರ್ಡ್ ಇರುವವನು ಎದುರಾಳಿಗಳ ನಡುವೆ ಸಿಕ್ಕಿಕೊಂಡಿದ್ದರೂ ಪಕ್ಕದ ಗೆಳೆಯನ ಗುದ್ದಿಗೆ ಬಲ ಕೊಡುತ್ತಾನೆ. ಬೇರೆಯವರಿಗೆ ಅದು ಆಗದು. ಸ್ಟ್ಯಾಂಡ್ ಫರ್ಮ್ ಇದ್ದವನನ್ನು ತಳ್ಳಿದರೂ ಕದಲಿಸಲಾಗದು. ಸೈಡ್‌ಸ್ಟೆಪ್ ಇದ್ದವನನ್ನು ತಳ್ಳಿದರೆ ಯಾವ ಚೌಕಕ್ಕೆ ಹೋಗಬೇಕು ಅಂತ ಅವನ ಕಡೆಯವರೇ ಆರಿಸುತ್ತಾರೆ. ಮೈದಾನದ ಅಂಚಿನಲ್ಲಿ ಇದರ ಬೆಲೆ ಜಾಸ್ತಿ. ಅಂಚಿನಿಂದ ಹೊರಗೆ ತಳ್ಳಿಸಿಕೊಂಡವನನ್ನು ಪ್ರೇಕ್ಷಕರು ಹಿಡಿದು ಬಡಿಯುತ್ತಾರೆ. ಆಗ ಕವಚವೂ ಕಾಯುವುದಿಲ್ಲ.

ನನಗೆ ತುಂಬ ಇಷ್ಟವಾದವು ಈ ಸ್ಕಿಲ್‌ಗಳೇ. ಇವೆಲ್ಲ ನಿಲ್ಲುವ ಜಾಗಕ್ಕೆ ಅರ್ಥ ಕೊಡುತ್ತವೆ. ಆದರೆ ಜಾಗಕ್ಕೆ ಬೆಲೆಯೇ ಇಲ್ಲದಂತೆ ಮಾಡುವ ಸ್ಕಿಲ್‌ಗಳೂ ಇದ್ದವು. ವರ್ಷಗಟ್ಟಲೆ ನಡೆದ ಜಗಳ ಅವುಗಳದ್ದು.

2000ರ ದಶಕದಲ್ಲಿ ನಿಯಮಗಳನ್ನು ಆಗಾಗ ತಿದ್ದಿ 'ಲಿವಿಂಗ್ ರೂಲ್‌ಬುಕ್' ಎಂದು ಹೊರತರುತ್ತಿದ್ದರು. ಆ ದಶಕದ ಕೊನೆಯ ಹೊತ್ತಿಗೆ ಮೂರು ಸ್ಕಿಲ್‌ಗಳ ಜೋಡಣೆ ಲೀಗ್‌ಗಳಲ್ಲಿ ಹಾವಳಿ ಎಬ್ಬಿಸಿತ್ತು. ಕ್ಲಾ, ಮೈಟಿ ಬ್ಲೋ, ಪೈಲಿಂಗ್ ಆನ್. ಲೆಕ್ಕ ಹಾಕಿ ನೋಡೋಣ. ಬಿದ್ದವನ ಕವಚ ಮುರಿದರೆ ಮಾತ್ರ ಅವನಿಗೆ ಪೆಟ್ಟು. ಆಗಿನ ನಿಯಮದಲ್ಲಿ ಕುಳ್ಳರ ಕವಚ 9. ಬಿದ್ದ ಕುಳ್ಳನ ಕವಚ ಮುರಿಯಲು ಎರಡು ದಾಳದಲ್ಲಿ 10 ಅಥವಾ ಜಾಸ್ತಿ ಬೀಳಬೇಕು. 36 ಸಲಕ್ಕೆ 6 ಸಲ. ಕ್ಲಾ ಇದ್ದರೆ ಎಂಥ ಕವಚವೂ 8ಕ್ಕೇ ಮುರಿಯುತ್ತದೆ. ಮೈಟಿ ಬ್ಲೋ ಅದಕ್ಕೆ 1 ಸೇರಿಸುತ್ತದೆ, ಅಂದರೆ 7 ಬಿದ್ದರೂ ಸಾಕು. 36ಕ್ಕೆ 21. ಅದೂ ತಪ್ಪಿದರೆ ಪೈಲಿಂಗ್ ಆನ್ ಇದೆ. ಬಿದ್ದವನ ಮೇಲೆ ತಾನೂ ಬಿದ್ದು ದಾಳವನ್ನು ಇನ್ನೊಮ್ಮೆ ಹಾಕಬಹುದು. ಎಲ್ಲ ಸೇರಿದರೆ ಐದರಲ್ಲಿ ನಾಲ್ಕು ಸಲಕ್ಕಿಂತ ಜಾಸ್ತಿ ಕವಚ ಒಡೆಯುತ್ತದೆ.

ಆಗ ಬೇಲಿ ಕಟ್ಟಿ ಏನು ಪ್ರಯೋಜನ? ಬೇಲಿಯ ಗೂಟವನ್ನೇ ಕಿತ್ತು ಆಸ್ಪತ್ರೆಗೆ ಕಳಿಸಿದರೆ ಮುಂದಿನ ಪಂದ್ಯಕ್ಕೆ ಗೂಟವೇ ಇರುವುದಿಲ್ಲ. ನಾವೂ ಹಳೆಯ ನಿಯಮದಲ್ಲಿ ಒಂದು ಲೀಗ್ ಆಡಿದ್ದೆವು. ನಾಲ್ಕನೇ ಪಂದ್ಯದ ಹೊತ್ತಿಗೆ ನನ್ನ ಕುಳ್ಳರಲ್ಲಿ ನಿಲ್ಲಬಲ್ಲವರು ಏಳೇ ಜನ. ಆ ತಂಡದ ಒಬ್ಬೊಬ್ಬರಿಗೂ ನಾನು ಹೆಸರಿಟ್ಟಿದ್ದೆ. ತುಂಬ ಬೇಜಾರಾಗಿತ್ತು.

ಈ ಜೋಡಣೆಯ ಪರವಾಗಿಯೂ ಒಂದು ಮಾತಿತ್ತು, ಅದನ್ನು ಹೇಳಲೇಬೇಕು. ಆಡಿದಷ್ಟೂ ಸ್ಕಿಲ್ ಕೂಡುತ್ತಾ ಹೋಗುವ ಆಟ ಇದು. ಯಾರೂ ಸಾಯದಿದ್ದರೆ ಹಳೆಯ ತಂಡಗಳು ಬೆಟ್ಟದಂತೆ ಬೆಳೆಯುತ್ತವೆ. ಹೊಸಬರು ಗೆಲ್ಲುವುದೇ ಕಷ್ಟ. ಮಾತು ಸುಳ್ಳಲ್ಲ. ಆದರೂ ರೋಗಕ್ಕಿಂತ ಮದ್ದು ಜೋರಾಯಿತು ಎನ್ನುವುದು ನನ್ನ ಅಭಿಪ್ರಾಯ.

ನಡುವೆ ಕಂಪನಿ ಈ ಆಟದ ಕೈಬಿಟ್ಟಿತ್ತು. ಆಡುವವರೇ ಲೀಗ್ ನಡೆಸಿ ಉಳಿಸಿಕೊಂಡರು. 2016ರಲ್ಲಿ ಹೊಸ ಪೆಟ್ಟಿಗೆ ಬಂತು. 2020ರ ಆವೃತ್ತಿಯಲ್ಲಿ ಪೈಲಿಂಗ್ ಆನ್ ಅನ್ನು ತೆಗೆದೇ ಹಾಕಿದರು. ಕ್ಲಾ ಇದ್ದವನಿಗೆ ದಾಳದಲ್ಲಿ ನೇರವಾಗಿ 8 ಬೀಳಬೇಕು, ಮೈಟಿ ಬ್ಲೋದ 1 ಸೇರಿಸಿ 8 ಮಾಡಿಕೊಳ್ಳುವ ಹಾಗಿಲ್ಲ ಎಂದರು. 36ಕ್ಕೆ 21 ಇದ್ದದ್ದು 15ಕ್ಕೆ ಇಳಿಯಿತು. ಬೇಲಿಗೆ ಮತ್ತೆ ಬೆಲೆ ಬಂತು.

ಅದೇ ಆವೃತ್ತಿಯಲ್ಲಿ ಸ್ಕಿಲ್ ಪಡೆಯುವ ದಾರಿಯೂ ಬದಲಾಯಿತು. ಸ್ಕಿಲ್‌ಗಳನ್ನು ಗುಂಪು ಮಾಡಿ, ಒಂದೊಂದು ಪಾತ್ರಕ್ಕೆ ಕೆಲವು ಗುಂಪು ಕೊಟ್ಟಿರುತ್ತಾರೆ. ಮೊದಲು ಎರಡು ದಾಳ ಹಾಕಬೇಕಿತ್ತು. ಜೋಡಿ ಬಿದ್ದರೆ ಮಾತ್ರ ತನ್ನ ಪಾತ್ರದ್ದಲ್ಲದ ಗುಂಪಿನ ಸ್ಕಿಲ್ ಸಿಗುತ್ತಿತ್ತು. 2020ರ ನಿಯಮದಲ್ಲಿ ಆಡಿ ಗಳಿಸಿದ ಅಂಕ ಕೊಟ್ಟು ಕೊಳ್ಳಬೇಕಾಯಿತು. ಆಗ ಮೊದಲ ಸ್ಕಿಲ್‌ಗೆ, ತನ್ನ ಗುಂಪಿನದನ್ನು ದಾಳಕ್ಕೆ ಬಿಟ್ಟರೆ 3 ಅಂಕ, ತಾನೇ ಆರಿಸಿದರೆ 6 ಇತ್ತು. ಬೇರೆ ಗುಂಪಿನದನ್ನು ಆರಿಸಬೇಕೆಂದರೆ 12 ಬೇಕಿತ್ತು. ಆರಿಸಲು ಬಿಟ್ಟರೆ ಹೆಚ್ಚಿನವರು ಗುದ್ದಾಟದಲ್ಲಿ ಇಬ್ಬರೂ ಬೀಳುವ ದಾಳ ಬಂದಾಗ ತಾನು ಬೀಳದಂತೆ ಕಾಯುವ ಬ್ಲಾಕ್ ಸ್ಕಿಲ್ ತೆಗೆದುಕೊಳ್ಳುತ್ತಾರೆ. ಅದಕ್ಕೇ ನಮ್ಮ ಮನೆ ಲೀಗ್‌ನಲ್ಲಿ ಮೊದಲ ಸ್ಕಿಲ್ ಎಲ್ಲರೂ ದಾಳಕ್ಕೇ ಬಿಡಬೇಕು ಅಂತ ಮಾಡಿಕೊಂಡಿದ್ದೇವೆ.

ಕಳೆದ ಮಳೆಗಾಲದಲ್ಲಿ ನನ್ನ ತಂಗಿಯ ಎಲ್ಫ್ ತಂಡದ ಒಬ್ಬ ಸಾದಾ ಆಟಗಾರನಿಗೆ ದಾಳದಲ್ಲಿ ಸೈಡ್‌ಸ್ಟೆಪ್ ಬಂತು. ಅಲ್ಲಿಯವರೆಗೆ ಅವನನ್ನು ಮೈದಾನದ ನಡುವೆ ಸುಮ್ನೆ ನಿಲ್ಲಿಸುತ್ತಿದ್ದಳು. ಅವತ್ತು ಗುಂಡಿಯನ್ನು ಅಂಚಿನ ಚೌಕಕ್ಕೆ ತಂದಿಟ್ಟಳು. ಓರ್ಕ್ ತಂಡದ ಗೆಳೆಯ ಮೂರು ಸರದಿ ಅವನನ್ನು ತಳ್ಳಿದ. ಮೂರು ಸಲವೂ ಅವಳು ಒಳಗಿನ ಖಾಲಿ ಚೌಕ ತೋರಿಸಿ, ಗುಂಡಿಯನ್ನು ಬೆರಳಿನಿಂದ ಅಲ್ಲಿಗೆ ಸರಿಸಿದಳು.